ಹಣಕಾಸು ವಿಷಯದಲ್ಲಿ ಪಿಎಚ್‌.ಡಿ.: ನನಗೆ ಅದು ಒಗ್ಗುವುದೇ ಎಂದು ಮೊದಲೇ ತಿಳಿಯುವುದು ಹೇಗೆ?

ಪೊನ್ನಂಪೇಟೆಯ ಓದುಗಿ

ಎಲ್ಲರಿಗೂ ನಮಸ್ಕಾರ. ಎಂ.ಕಾಂ. ಮುಗಿಸಿ ಗೋಣಿಕೊಪ್ಪದಲ್ಲಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಬೆಳೆಗಾರರ ಆದಾಯ ತೆರಿಗೆ, ವ್ಯಾಪಾರಿಗಳ ಜಿಎಸ್‌ಟಿ, ಸಾಲಕ್ಕಾಗಿ ಬ್ಯಾಂಕಿಗೆ ಕೊಡುವ ಯೋಜನಾ ವರದಿ, ಇವು ನನ್ನ ಮೇಜಿಗೆ ಬರುವ ಕೆಲಸಗಳು. ಬೇಸರವೇನೂ ಇಲ್ಲ. ಆದರೆ ಓದುವಾಗ ಹಣಕಾಸು ನಿರ್ವಹಣೆ ನನ್ನನ್ನು ಹಿಡಿದಿಟ್ಟಂತೆ ಬೇರೆ ಯಾವ ವಿಷಯವೂ ಹಿಡಿದಿಡಲಿಲ್ಲ. ಈಗಲೂ ಸಂಜೆ ಮನೆಗೆ ಬಂದರೆ ಅದೇ ಪುಸ್ತಕಗಳನ್ನು ತೆರೆಯುತ್ತೇನೆ. ನನಗೆ ಪಾಠ ಮಾಡಿದ ಮೇಡಂ ಒಬ್ಬರು ಪಿಎಚ್‌.ಡಿ. ಮಾಡು ಎನ್ನುತ್ತಿದ್ದಾರೆ. ಅಪ್ಪನದು ಒಪ್ಪಿಗೆ ಇದೆ. ಐದಾರು ವರ್ಷ ಹಿಡಿಯುತ್ತದೆ ಎಂದ ಕೂಡಲೇ ಅವ್ವನ ಮುಖ ಸಪ್ಪಗಾಯಿತು.

ನನ್ನ ಅಂಕಗಳು ಚೆನ್ನಾಗಿವೆ. ಪಿಯುಸಿಯಲ್ಲಿ ವಾಣಿಜ್ಯ ಓದಿದ್ದರಿಂದ ಗಣಿತ ಅಲ್ಲಿಗೇ ನಿಂತಿತು. ಷೇರು ಮಾರುಕಟ್ಟೆಯ ಸುದ್ದಿ ತಪ್ಪದೆ ಓದುತ್ತೇನೆ. ಇಷ್ಟರಿಂದ ನಾನು ಸಂಶೋಧನೆಗೆ ತಕ್ಕವಳು ಎಂದು ಹೇಳಬಹುದೇ? ಸೇರಿದ ಮೇಲೆ ತಿಳಿಯುವ ಬದಲು ಈಗಲೇ ತಿಳಿಯುವ ದಾರಿ ಇದ್ದರೆ ಹೇಳಿ. ಈ ದಾರಿಯಲ್ಲಿ ನಡೆದವರು ನಮ್ಮ ಕಡೆ ನನಗೆ ಯಾರೂ ಪರಿಚಯವಿಲ್ಲ.

ಮಡಿಕೇರಿಯ ವಾಣಿಜ್ಯ ಉಪನ್ಯಾಸಕ

ಮೊದಲು ಒಂದು ವಿಷಯ ಇತ್ಯರ್ಥವಾಗಲಿ, ತಂಗಿ. ಪದವಿ ಕಾಲೇಜಿನಲ್ಲಿ ಪಾಠ ಮಾಡುವುದೇ ನಿಮ್ಮ ಗುರಿಯಾಗಿದ್ದರೆ ಪಿಎಚ್‌.ಡಿ. ಕಡ್ಡಾಯವಲ್ಲ. ಸಹಾಯಕ ಪ್ರಾಧ್ಯಾಪಕರ ನೇರ ನೇಮಕಾತಿಗೆ ನೆಟ್ (ರಾಷ್ಟ್ರೀಯ ಅರ್ಹತಾ ಪರೀಕ್ಷೆ), ಸೆಟ್ ಅಥವಾ ಸ್ಲೆಟ್ (ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆಗಳು) ಕನಿಷ್ಠ ಅರ್ಹತೆ, ಪಿಎಚ್‌.ಡಿ. ಐಚ್ಛಿಕ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2023ರ ಜುಲೈ 1ರಿಂದ ಜಾರಿಗೆ ತಂದಿದೆ. ಸ್ನಾತಕೋತ್ತರ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 55 ಅಂಕ ಬೇಕು. ವಾಣಿಜ್ಯ ವಿಷಯದಲ್ಲಿ ಕರ್ನಾಟಕದ ಸೆಟ್ ಆದ ಕೆ-ಸೆಟ್ ಪಾಸಾದರೆ ನಮ್ಮ ರಾಜ್ಯದ ಕಾಲೇಜುಗಳಿಗೆ ಅರ್ಜಿ ಹಾಕಬಹುದು. ಮುಂದೆ ಸಹ ಪ್ರಾಧ್ಯಾಪಕ ಹುದ್ದೆಗೆ ಏರುವಾಗ ಪಿಎಚ್‌.ಡಿ. ಬೇಕಾಗುತ್ತದೆ. ಕೆಲಸದಲ್ಲಿದ್ದುಕೊಂಡೇ ಅರೆಕಾಲಿಕವಾಗಿ ಮಾಡಲು 2022ರ ಯುಜಿಸಿ ನಿಯಮಾವಳಿಯಲ್ಲಿ ಅವಕಾಶವಿದೆ.

ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ವೇತನ) ಬಂದರೆ ದಾರಿ ಇನ್ನೂ ಸುಗಮ. ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000, ಜೊತೆಗೆ ಮನೆ ಬಾಡಿಗೆ ಭತ್ಯೆ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಮಹಿಳೆಯರಿಗೆ ಐದು ವರ್ಷ ಸಡಿಲಿಕೆ ಇದೆ. ತಾಯಿಯವರಿಗೆ ಈ ಅಂಕಿಗಳನ್ನು ತೋರಿಸಿ. ಮನೆಯಿಂದ ಹಣ ತರಿಸಿಕೊಂಡೇ ಓದಬೇಕು ಎಂಬ ಆತಂಕ ಅರ್ಧ ಕಡಿಮೆಯಾದೀತು.

ಸುಂಟಿಕೊಪ್ಪದವಳು, ಈಗ ಹೊರದೇಶದಲ್ಲಿ ಬೋಧನೆ

ಸರ್ ಹೇಳಿದ್ದು ಸರಿಯಾಗಿದೆ, ಅದನ್ನು ಮೊದಲು ಹೇಳಿದ್ದೂ ಒಳ್ಳೆಯದಾಯಿತು. ನಾನು ಹಣಕಾಸಿನಲ್ಲಿಯೇ ಪಿಎಚ್‌.ಡಿ. ಮಾಡಿದವಳು. ನೀವು ಕೊಟ್ಟ ಮೂರು ಸುಳಿವುಗಳನ್ನು, ಅಂದರೆ ಅಂಕ, ಪುಸ್ತಕದ ಒಲವು, ಷೇರು ಸುದ್ದಿ ಇವನ್ನು ಸ್ವಲ್ಪ ಬಿಡಿಸಿ ನೋಡೋಣ.

ಷೇರು ಮಾರುಕಟ್ಟೆಯ ಆಸಕ್ತಿಯನ್ನು ಬದಿಗಿಡಿ. ಹೂಡಿಕೆ ಮಾಡುವುದು, ಕಂಪನಿಗಳ ಮೌಲ್ಯ ಕಟ್ಟುವುದು, ನಿಧಿ ನಿರ್ವಹಿಸುವುದು ನಿಮ್ಮ ಆಸೆಯಾದರೆ ಸಿಎಫ್‌ಎ ಎಂಬ ಹೂಡಿಕೆ ವೃತ್ತಿಯ ಪರೀಕ್ಷೆಯ ಮೂರು ಹಂತಗಳೋ ಒಳ್ಳೆಯ ಎಂಬಿಎಯೋ ಬೇಗ ಗುರಿ ಮುಟ್ಟಿಸುತ್ತವೆ. ಅಲ್ಲಿ ಸೂತ್ರವನ್ನು ಬಳಸಲು ಕಲಿಸುತ್ತಾರೆ. ಪಿಎಚ್‌.ಡಿ.ಯಲ್ಲಿ ಆ ಸೂತ್ರ ಎಲ್ಲಿಂದ ಬಂತು, ಯಾವ ಊಹೆಗಳ ಮೇಲೆ ನಿಂತಿದೆ, ಆ ಊಹೆ ಕಳಚಿದರೆ ಏನಾಗುತ್ತದೆ ಎಂದು ಕೇಳುತ್ತಾರೆ. ಬಂಡವಾಳ ರಚನೆಯ, ಅಂದರೆ ಕಂಪನಿ ಎಷ್ಟು ಹಣವನ್ನು ಸಾಲದಿಂದ, ಎಷ್ಟನ್ನು ಷೇರಿನಿಂದ ತರಬೇಕು ಎಂಬ ಪಾಠದಲ್ಲಿ ನೀವು ಅರ್ಥಶಾಸ್ತ್ರಜ್ಞರಾದ ಮೊಡಿಗ್ಲಿಯಾನಿ ಮತ್ತು ಮಿಲ್ಲರ್ ಅವರ 1958ರ ಸಿದ್ಧಾಂತವನ್ನು ಓದಿರುತ್ತೀರಿ. ಪರೀಕ್ಷೆಗೆ ಬರೆದು ಮುಗಿಸಿದಿರೋ, ಅಥವಾ "ತೆರಿಗೆಯೂ ದಿವಾಳಿಯ ವೆಚ್ಚವೂ ಇಲ್ಲದ ಲೋಕದಲ್ಲಿ ಸಾಲಕ್ಕೂ ಷೇರಿಗೂ ವ್ಯತ್ಯಾಸವೇ ಇಲ್ಲವಾದರೆ, ನಿಜ ಲೋಕದಲ್ಲಿ ಆ ವ್ಯತ್ಯಾಸ ಎಲ್ಲಿಂದ ಬರುತ್ತದೆ" ಎಂಬ ಪ್ರಶ್ನೆ ನಿಮ್ಮನ್ನು ಕೆಲವು ದಿನವಾದರೂ ಕಾಡಿತೋ? ಎರಡನೆಯದಾದರೆ ಮಾತು ಮುಂದುವರಿಸಬಹುದು.

ಅಂಕಗಳು ಬಾಗಿಲು ತೆರೆಯುತ್ತವೆ, ಅಷ್ಟೇ. ಕಾರ್ಯಕ್ರಮದ ಒಳಗಿನ ಬದುಕು ಹೀಗಿರುತ್ತದೆ: ಮೊದಲ ಎರಡು ವರ್ಷ ಸೂಕ್ಷ್ಮ ಅರ್ಥಶಾಸ್ತ್ರ, ಅರ್ಥಮಿತಿ (ದತ್ತಾಂಶದಿಂದ ಆರ್ಥಿಕ ಸಂಬಂಧಗಳನ್ನು ಅಳೆಯುವ ಶಾಸ್ತ್ರ), ಆಸ್ತಿಗಳ ಬೆಲೆ ನಿರ್ಧಾರ, ಕಾರ್ಪೊರೇಟ್ ಹಣಕಾಸು ಇವುಗಳ ಕಠಿಣ ಪಾಠ. ನಂತರ ಸಮಗ್ರ ಪರೀಕ್ಷೆ. ಅದನ್ನು ದಾಟಿದರೆ ಪ್ರಬಂಧ, ಸಾಮಾನ್ಯವಾಗಿ ಮೂರು ಲೇಖನಗಳ ಕಟ್ಟು. ಕಷ್ಟ ಪಾಠದ್ದು ಎಂದು ಹೊರಗಿನವರು ಭಾವಿಸುತ್ತಾರೆ. ಪಾಠದಲ್ಲಿ ತಪ್ಪು ಯಾವುದು, ಸರಿ ಯಾವುದು ಎಂದು ಯಾರಾದರೂ ಹೇಳುತ್ತಾರೆ. ಮೂರನೆಯ ವರ್ಷದಿಂದ ಹೇಳುವವರು ಇರುವುದಿಲ್ಲ. ಉತ್ತರ ಯಾರಿಗೂ ಗೊತ್ತಿಲ್ಲದ ಪ್ರಶ್ನೆಯೊಂದಿಗೆ ತಿಂಗಳುಗಟ್ಟಲೆ ಕೂರಬೇಕು, ದತ್ತಾಂಶ ಕೈಕೊಟ್ಟಾಗ ಮತ್ತೆ ಮೊದಲಿನಿಂದ ಹೊರಡಬೇಕು. ತರಗತಿಯಲ್ಲಿ ಎಲ್ಲರಿಗಿಂತ ಮುಂದಿದ್ದವರು ಅಲ್ಲಿ ಕಂಗಾಲಾಗುವುದನ್ನು ಕಣ್ಣಾರೆ ನೋಡಿದ್ದೇನೆ.

ಆದ್ದರಿಂದ ಒಂದು ಕೆಲಸ ಮಾಡಿ. ನಿಮ್ಮ ಕಚೇರಿಗೆ ಬರುವ ಕಾಗದಗಳಲ್ಲಿ ನಿಮಗೆ ಅರ್ಥವಾಗದೆ ಉಳಿದ ಒಂದು ಸಂಗತಿಯನ್ನು ಇಲ್ಲಿ ಬರೆಯಿರಿ. ಗ್ರಾಹಕರ ಹೆಸರು, ವಿವರ ಬೇಡ.

ಸಿದ್ದಾಪುರದ ಬೆಳೆಗಾರ

ನನ್ನ ಮಾತು ಕಟುವೆನಿಸಿದರೆ ಕ್ಷಮೆ ಇರಲಿ. ನಮ್ಮ ಜಿಲ್ಲೆಯ ಮಕ್ಕಳು ಓದಿ ಬೆಂಗಳೂರಿಗೆ, ಹೊರದೇಶಕ್ಕೆ ಹೋಗುತ್ತಾರೆ. ಇಲ್ಲಿ ರೊಬಸ್ಟಾ ಬೆಲೆಯನ್ನು ಲಂಡನ್ ನಿರ್ಧರಿಸುತ್ತದೆ, ಅರೇಬಿಕಾ ಬೆಲೆಯನ್ನು ನ್ಯೂಯಾರ್ಕ್ ನಿರ್ಧರಿಸುತ್ತದೆ. ಎಲ್ಲರ ಕಾಫಿಯನ್ನು ಮಂಡಳಿಯೇ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್ ಇದ್ದ ಕಾಲದಲ್ಲಿ ಹಣ ಕಂತಿನಲ್ಲಿ ಬರುತ್ತಿತ್ತು, ಆದರೆ ಮಾರುವ ದಿನ ಯಾವುದು ಎಂಬ ಚಿಂತೆ ನಮಗಿರಲಿಲ್ಲ. 1990ರ ದಶಕದಲ್ಲಿ ಮುಕ್ತ ಮಾರಾಟ ಬಂದ ಮೇಲೆ ಆ ಚಿಂತೆ ಪೂರ್ತಿ ನಮ್ಮ ಹೆಗಲಿಗೆ ಬಿತ್ತು. ಇಂದು ಮಾರಬೇಕೇ, ಮಳೆಗಾಲದವರೆಗೆ ಇಡಬೇಕೇ ಎಂದು ಹೇಳಿಕೊಡುವ ಒಬ್ಬ ಹಣಕಾಸು ತಜ್ಞರೂ ನಮ್ಮ ಕಣಕ್ಕೆ ಬಂದಿಲ್ಲ. ಐದು ವರ್ಷ ಓದಿ ಬರೆಯುವ ಆ ಮೂರು ಲೇಖನಗಳಿಂದ ಇಲ್ಲಿಯವರಿಗೆ ಏನು ಸಿಗುತ್ತದೆ?

ಪೊನ್ನಂಪೇಟೆಯ ಓದುಗಿ

ಅಂಕಲ್, ನನಗೆ ಅರ್ಥವಾಗದೆ ಉಳಿದದ್ದು ಬಹುತೇಕ ನೀವು ಹೇಳಿದ್ದೇ. ಅಕ್ಕ ಕೇಳಿದ್ದಕ್ಕೂ ಇದೇ ನನ್ನ ಉತ್ತರ.

ಸಣ್ಣ ಬೆಳೆಗಾರರ ಲೆಕ್ಕ ನೋಡುವಾಗ ಮಾರಾಟವೆಲ್ಲ ಜನವರಿಯಿಂದ ಮಾರ್ಚ್‌ ಒಳಗೆ ಮುಗಿದಿರುತ್ತದೆ. ದೊಡ್ಡ ತೋಟದವರ ಬಿಲ್ಲುಗಳು ಜುಲೈ, ಆಗಸ್ಟ್‌ವರೆಗೂ ಬರುತ್ತಲೇ ಇರುತ್ತವೆ. ಒಣಗಿಸಿದ ಚೆರ್ರಿ, ಅಂದರೆ ಸಿಪ್ಪೆ ಸಹಿತ ಕಾಫಿ ಹಣ್ಣು, ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ ಎಂದು ಎಲ್ಲರಿಗೂ ಗೊತ್ತು. ಹಾಗಿರುವಾಗ ಸಣ್ಣವರು ಕೊಯ್ಲಿನ ಬೆನ್ನಿಗೇ ಏಕೆ ಮಾರುತ್ತಾರೆ? ಕಾಸಿನ ಅಗತ್ಯ ಎಂದು ನಮ್ಮ ಕಚೇರಿಯ ಸರ್ ಒಂದೇ ಮಾತಿನಲ್ಲಿ ಹೇಳಿದರು. ನನಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಕಾಸಿನ ತುರ್ತು ಕಾಣದವರೂ ಬೇಗ ಮಾರಿದ್ದನ್ನು ನೋಡಿದ್ದೇನೆ.

ಸುಂಟಿಕೊಪ್ಪದವಳು, ಈಗ ಹೊರದೇಶದಲ್ಲಿ ಬೋಧನೆ

"ಒಪ್ಪಿಗೆಯಾಗಲಿಲ್ಲ" ಎಂದಿರಲ್ಲ, ಅದನ್ನು ಓದಿ ನನಗೆ ಬಹಳ ಸಂತೋಷವಾಯಿತು. ಇದರ ಮೇಲೆ ಸ್ವಲ್ಪ ದೀರ್ಘವಾಗಿಯೇ ಬರೆಯುತ್ತೇನೆ. ಪಿಎಚ್‌.ಡಿ. ಎಂದರೆ ಏನೆಂದು ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಾರದು.

ಬೇಗ ಮಾರುವುದಕ್ಕೆ ಕನಿಷ್ಠ ಮೂರು ಕಾರಣಗಳಿರಬಹುದು. ಒಂದು, ಮಾರ್ಚ್‌ನಲ್ಲಿ ಸಾಲದ ಕಂತು ಕಟ್ಟಬೇಕು, ಆಳುಗಳಿಗೆ ಕೂಲಿ ಕೊಡಬೇಕು, ಬೇರೆ ಕಡೆ ಸಾಲ ಹುಟ್ಟುವುದಿಲ್ಲ. ಎರಡು, ಇಡಲು ಜಾಗವಿಲ್ಲ. ಸಿಮೆಂಟಿನ ಕಣವಿಲ್ಲ, ಗೋದಾಮಿಲ್ಲ, ಹೂಮಳೆ ಬಿದ್ದರೆ ಕಾಯಿ ನೆನೆಯುತ್ತದೆ. ಮೂರು, ಮುಂದೆ ಬೆಲೆ ಇಳಿಯುತ್ತದೆ ಎಂಬ ನಂಬಿಕೆ, ಅಥವಾ ಏರಿಳಿತವನ್ನು ತಾಳಿಕೊಳ್ಳುವ ಮನಸ್ಸಿಲ್ಲ. ಲೆಕ್ಕದ ಪುಸ್ತಕದಲ್ಲಿ ಈ ಮೂರೂ ಒಂದೇ ರೀತಿ ಕಾಣುತ್ತವೆ: ಫೆಬ್ರುವರಿಯ ಒಂದು ಬಿಲ್ಲು. ಪರಿಹಾರಗಳು ಮಾತ್ರ ಬೇರೆ ಬೇರೆ. ಮೊದಲನೆಯದಾದರೆ ಸಾಲ ಬೇಕು, ಎರಡನೆಯದಾದರೆ ಗೋದಾಮು ಬೇಕು, ಮೂರನೆಯದಾದರೆ ಬೆಲೆ ರಕ್ಷಣೆಯ ವ್ಯವಸ್ಥೆ ಬೇಕು. ಸಿದ್ದಾಪುರದ ಹಿರಿಯರು ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಕಾರಣ ಯಾವುದೆಂದು ತಿಳಿಯದೆ ಸರ್ಕಾರ ಹಣ ಸುರಿದರೆ ಅದು ತಪ್ಪು ಕಡೆ ಹೋಗುತ್ತದೆ.

ಹಾಗಾದರೆ ಬೇರ್ಪಡಿಸುವುದು ಹೇಗೆ? ಮೂರರಲ್ಲಿ ಒಂದನ್ನು ಮಾತ್ರ ಅಲುಗಿಸಿದ, ಉಳಿದೆರಡನ್ನು ಮುಟ್ಟದ ಒಂದು ಘಟನೆಯನ್ನು ಹುಡುಕಬೇಕು. 2023ರಲ್ಲಿ ರಾಜ್ಯ ಬಜೆಟ್ ಸಹಕಾರ ಸಂಘಗಳ ಬಡ್ಡಿರಹಿತ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಇದು ಸಾಲವನ್ನು ಮುಟ್ಟಿತು, ಗೋದಾಮನ್ನು ಮುಟ್ಟಲಿಲ್ಲ. ಸಿಕ್ಕಿತು ಎನ್ನಿಸುತ್ತದೆ, ಅಲ್ಲವೇ? ಆದರೆ ಅದೇ ಹೊತ್ತಿಗೆ ಕಾಫಿ ಬೆಲೆಯೂ ಏರತೊಡಗಿತ್ತು. 2024ರಲ್ಲಿ ಲಂಡನ್‌ನಲ್ಲಿ ರೊಬಸ್ಟಾ ಟನ್ನಿಗೆ 5,000 ಡಾಲರ್ ದಾಟಿತು. ಬೆಳೆಗಾರರು ಕಾಯತೊಡಗಿದ್ದರೆ ಅದು ಸಾಲದಿಂದಲೋ ಬೆಲೆಯಿಂದಲೋ? ಇಲ್ಲಿ ನಿಲ್ಲಬೇಡಿ, ಇನ್ನೊಂದು ಹೆಜ್ಜೆ ಇಡಿ. ಮೊದಲೇ 3 ಲಕ್ಷದ ಅಂಚಿಗೆ ತಾಗಿದ್ದವರಿಗೆ ಮಾತ್ರ ಹೊಸ ಮಿತಿಯಿಂದ ಪ್ರಯೋಜನ. ಜಮೀನು ಚಿಕ್ಕದಾಗಿ ಒಂದೂವರೆ ಲಕ್ಷಕ್ಕಷ್ಟೇ ಅರ್ಹರಾಗಿದ್ದವರಿಗೆ ಏನೂ ಬದಲಾಗಲಿಲ್ಲ. ಲಂಡನ್ ಬೆಲೆ ಇಬ್ಬರಿಗೂ ಒಂದೇ. ಈ ಎರಡು ಗುಂಪುಗಳ ಮಾರಾಟದ ತಿಂಗಳು ಮಿತಿ ಏರುವ ಮೊದಲು ಹೇಗಿತ್ತು, ನಂತರ ಹೇಗಾಯಿತು ಎಂದು ಹೋಲಿಸಿದರೆ ಸಾಲದ ಪ್ರಭಾವ ಬೇರೆಯಾಗಿ ಕಾಣುವ ಸಾಧ್ಯತೆ ಇದೆ. ಇದರಲ್ಲಿಯೂ ತೂತುಗಳಿವೆ. ಯಾವುವು ಎಂದು ನೀವೇ ಹುಡುಕಬೇಕು.

ಇದು ನಾನು ಕಂಡುಹಿಡಿದ ಜಾಣತನವಲ್ಲ. ಬ್ಯಾಂಕ್ ಇರುವ ಊರಿನಲ್ಲಿ ಒಂದು ಶಾಖೆ ತೆರೆಯಬೇಕಾದರೆ ಬ್ಯಾಂಕ್ ಇಲ್ಲದ ನಾಲ್ಕು ಊರುಗಳಲ್ಲಿ ತೆರೆಯಬೇಕು ಎಂಬ ರಿಸರ್ವ್ ಬ್ಯಾಂಕ್ ನಿಯಮ 1977ರಿಂದ 1990ರವರೆಗೆ ಇತ್ತು. ಅರ್ಥಶಾಸ್ತ್ರಜ್ಞರಾದ ರಾಬಿನ್ ಬರ್ಗೆಸ್ ಮತ್ತು ರೋಹಿಣಿ ಪಾಂಡೆ ಆ ನಿಯಮವನ್ನೇ ಹಿಡಿದು, ಗ್ರಾಮೀಣ ಶಾಖೆಗಳಿಂದ ಬಡತನ ತಗ್ಗಿತು ಎಂದು 2005ರಲ್ಲಿ ತೋರಿಸಿದರು. ಬ್ಯಾಂಕುಗಳು ತಾವಾಗಿಯೇ ಶ್ರೀಮಂತ ಊರುಗಳನ್ನು ಆರಿಸಿಕೊಳ್ಳುತ್ತವೆ ಎಂಬ ತೊಡಕನ್ನು ಆ ನಿಯಮದ ನೆರವಿನಿಂದ ಬಿಡಿಸಿದರು.

ಈಗ ನಿಮ್ಮ ಪರೀಕ್ಷೆ. ಮೇಲಿನ ದೀರ್ಘ ಪ್ಯಾರಾವನ್ನು ಓದುವಾಗ ಏನನ್ನಿಸಿತು? ಉತ್ತರ ಬೇಗ ಹೇಳಬಾರದೇ ಎನ್ನಿಸಿದರೆ ಅದು ತಪ್ಪಲ್ಲ, ಅನೇಕ ಒಳ್ಳೆಯ ಕೆಲಸಗಳಿಗೆ ಆ ಸ್ವಭಾವವೇ ಬೇಕು. ತೂತು ಎಲ್ಲಿದೆ ಎಂದು ಹುಡುಕಲು ಕೈ ತುಡಿದರೆ ನೀವು ಈ ಕಡೆಯವರು.

ಕುಶಾಲನಗರದ ಬ್ಯಾಂಕ್ ಅಧಿಕಾರಿ

ಒಂದು ತೂತು ನನಗೆ ಕಾಣುತ್ತಿದೆ. ಕೊಡಗಿನಲ್ಲಿ ಸಾಲಕ್ಕೆ ಅರ್ಹತೆ ಜಮೀನಿನ ವಿಸ್ತಾರದಿಂದ ಮಾತ್ರ ತೀರ್ಮಾನವಾಗುವುದಿಲ್ಲ. ಜಮ್ಮಾ ಬಾಣೆ, ಅಂದರೆ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಭೂಮಿಯಾಗಿದ್ದರೆ ಪಹಣಿಯಲ್ಲಿ ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರು ಇರುತ್ತದೆ, ಅನುಭವದಲ್ಲಿ ಒಕ್ಕದ, ಅಂದರೆ ಇಡೀ ಕೂಡು ಕುಟುಂಬದ, ಹಲವರು ಇರುತ್ತಾರೆ. ಎಲ್ಲರ ಒಪ್ಪಿಗೆ ಕೂಡಿಬರದೆ ಅರ್ಜಿ ನಿಂತುಹೋಗುವುದನ್ನು ನಾವು ಆಗಾಗ ನೋಡುತ್ತೇವೆ. ಆದ್ದರಿಂದ ಎರಡು ಗುಂಪುಗಳನ್ನು ಎಕರೆ ಲೆಕ್ಕದಲ್ಲಿ ವಿಂಗಡಿಸಿದರೆ ತಪ್ಪಾಗುತ್ತದೆ, ದಾಖಲೆಯ ಬಗೆಯನ್ನೂ ನೋಡಬೇಕು. ಇನ್ನು 2002ರ ಸರ್ಫೇಸಿ ಕಾಯ್ದೆ ಇದೆ. ಸಾಲ ಕಟ್ಟದಿದ್ದರೆ ಅಡವಿಟ್ಟ ಆಸ್ತಿಯನ್ನು ನ್ಯಾಯಾಲಯಕ್ಕೆ ಹೋಗದೆಯೇ ವಶಪಡಿಸಿಕೊಂಡು ಮಾರಲು ಅದು ಬ್ಯಾಂಕಿಗೆ ಅವಕಾಶ ಕೊಡುತ್ತದೆ. ಕೃಷಿ ಭೂಮಿಗೆ ಅದರಲ್ಲಿ ವಿನಾಯಿತಿ ಇದ್ದರೂ ಕಾಫಿ ತೋಟಕ್ಕೆ ಆ ವಿನಾಯಿತಿ ಅನ್ವಯಿಸುತ್ತದೆಯೇ ಎಂಬ ವಿವಾದ ಬೆಳೆಗಾರರನ್ನು ಬಹಳ ಕಾಡಿದೆ. ತೋಟ ಹರಾಜಾಗುವ ಭಯವಿದ್ದವರು ಬೆಲೆ ಎಷ್ಟೇ ಇರಲಿ, ಬೇಗ ಮಾರಿ ಕಂತು ಕಟ್ಟುತ್ತಾರೆ.

ಇದನ್ನೆಲ್ಲ ದಿನವೂ ನೋಡುತ್ತಿದ್ದರೂ ಪ್ರಶ್ನೆಯಾಗಿ ಬರೆಯಬಹುದು ಎಂದು ನನಗೆ ಹೊಳೆದಿರಲಿಲ್ಲ.

ಸೋಮವಾರಪೇಟೆಯವನು

ನಾನು ಪಿಎಚ್‌.ಡಿ.ಗೆ ಸೇರಿ, ಪಾಠಗಳನ್ನೂ ಸಮಗ್ರ ಪರೀಕ್ಷೆಯನ್ನೂ ಮುಗಿಸಿ, ಪ್ರಬಂಧದ ಹಂತದಲ್ಲಿ ಹೊರಬಂದವನು. ಈಗ ಒಂದು ಸಂಸ್ಥೆಯಲ್ಲಿ ಸಾಲದ ಅಪಾಯ ಅಳೆಯುವ ಕೆಲಸದಲ್ಲಿ ನೆಮ್ಮದಿಯಾಗಿದ್ದೇನೆ. ಹೊರಬಂದದ್ದಕ್ಕೆ ವಿಷಾದವಿಲ್ಲ. ಅಕ್ಕ ಹೇಳಿದ ಪರೀಕ್ಷೆಗೆ ಒಂದು ಮಾತು ಸೇರಿಸಬೇಕು.

ತೂತು ಹುಡುಕುವ ತುಡಿತ ನನಗೂ ಇತ್ತು. ನನ್ನನ್ನು ಹಣ್ಣು ಮಾಡಿದ್ದು ಆ ಏಕಾಂತ. ಪಾಠಗಳಿದ್ದಾಗ ಸಹಪಾಠಿಗಳು ಇದ್ದರು, ಆಮೇಲೆ ಪ್ರತಿಯೊಬ್ಬರದೂ ಬೇರೆ ವಿಷಯ. ದಿನವಿಡೀ ಸ್ಟೇಟಾ, ಪೈಥಾನ್ ಎಂಬ ಕಂಪ್ಯೂಟರ್ ತಂತ್ರಾಂಶಗಳಲ್ಲಿ ದತ್ತಾಂಶ ಸ್ವಚ್ಛಗೊಳಿಸುವುದು, ವಾರದ ಕೊನೆಗೆ ಮಾರ್ಗದರ್ಶಕರ ಮುಂದೆ ಕುಳಿತು "ಇನ್ನೂ ಏನೂ ಸಿಕ್ಕಿಲ್ಲ" ಎನ್ನುವುದು. ಕೆಲಸದ ಫಲ ಆ ವಾರವೇ ಕಾಣಬೇಕು, ನಾಲ್ಕು ಜನರ ಜೊತೆ ಕೂಡಿ ಮಾಡಬೇಕು ಎನ್ನುವ ಸ್ವಭಾವ ನನ್ನದು. ಅದು ಬುದ್ಧಿಯ ಪ್ರಶ್ನೆಯೇ ಅಲ್ಲ. ತಂಗಿ, ನಿಮ್ಮ ಕಚೇರಿಯಲ್ಲಿ ಮಾರ್ಚ್ ತಿಂಗಳ ಗಡಿಬಿಡಿ ನಿಮಗೆ ಹುರುಪು ಕೊಡುತ್ತದೆಯೋ, ಅದು ಮುಗಿದ ಮೇಲಿನ ಸದ್ದಿಲ್ಲದ ದಿನಗಳು ಕೊಡುತ್ತವೆಯೋ ಎಂದು ಗಮನಿಸಿ.

ಲೇಖನ ತಿರಸ್ಕೃತವಾಗಿ ಬರುವುದನ್ನೂ ತಾಳಿಕೊಳ್ಳಬೇಕು. ಜರ್ನಲ್ ಆಫ್ ಫೈನಾನ್ಸ್‌ನಂತಹ ಮೇಲು ಮಟ್ಟದ ಪತ್ರಿಕೆಗಳಿಗೆ ಕಳಿಸಿದ ಬಹುಪಾಲು ಬರಹಗಳು ಹಿಂದಕ್ಕೆ ಬರುತ್ತವೆ. ಬರೆದವರ ಹೆಸರು ಎಷ್ಟೇ ದೊಡ್ಡದಿರಲಿ, ಇದರಲ್ಲಿ ವಿನಾಯಿತಿ ಇಲ್ಲ.

ಪೊನ್ನಂಪೇಟೆಯ ಓದುಗಿ

ಸೋಮವಾರಪೇಟೆಯ ಅಣ್ಣ, ನನಗೆ ಸದ್ದಿಲ್ಲದ ದಿನಗಳೇ ಇಷ್ಟ. ಮಾರ್ಚ್ ಯಾವಾಗ ಮುಗಿಯುತ್ತದೆ ಎಂದು ಕಾಯುತ್ತಿರುತ್ತೇನೆ.

ಇನ್ನೊಂದು ತೂತು ಹೊಳೆಯಿತು. ಐದು ಲಕ್ಷದ ಸಾಲ ಸಿಕ್ಕವರು ಆ ಹಣದಲ್ಲಿ ಕಣಕ್ಕೆ ಸಿಮೆಂಟು ಹಾಕಿಸಿದ್ದರೆ? ಆಗ ಸಾಲವೂ ಗೋದಾಮೂ ಮತ್ತೆ ಬೆರೆತುಹೋಗುತ್ತವೆ. ರಾತ್ರಿ ಇದನ್ನೇ ಯೋಚಿಸುತ್ತಿದ್ದೆ.

ಗಣಿತದ ಹೆದರಿಕೆ ಮಾತ್ರ ಹೋಗಿಲ್ಲ. ಅವ್ವನ ಪ್ರಶ್ನೆಯೂ ಹಾಗೆಯೇ ಉಳಿದಿದೆ. ಚಿಕ್ಕ ಅಳುವಾರದಲ್ಲಿ ಈಗ ನಮ್ಮದೇ ಕೊಡಗು ವಿಶ್ವವಿದ್ಯಾಲಯ ಇರುವುದರಿಂದ ಮನೆಯ ಹತ್ತಿರವೇ ಮಾಡಬಾರದೇ ಎಂದು ಅವರು ಕೇಳುತ್ತಾರೆ.

ಮಡಿಕೇರಿಯ ವಾಣಿಜ್ಯ ಉಪನ್ಯಾಸಕ

ಹತ್ತಿರವೋ ದೂರವೋ ಎನ್ನುವುದಕ್ಕಿಂತ ಮಾರ್ಗದರ್ಶಕರು ಯಾರು ಎಂಬುದನ್ನು ನೋಡಿ. 2022ರ ನಿಯಮಾವಳಿಯ ಪ್ರಕಾರ ಪ್ರಾಧ್ಯಾಪಕರೊಬ್ಬರು ಒಮ್ಮೆಗೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಸಂಶೋಧನಾರ್ಥಿಗಳನ್ನು ಮಾತ್ರ ತೆಗೆದುಕೊಳ್ಳಬಹುದು. ಆದ್ದರಿಂದ ಜಾಗ ಇದೆಯೇ ಎಂದು ಮೊದಲು ಕೇಳಬೇಕಾಗುತ್ತದೆ. ಅವರ ಬಳಿ ಮುಗಿಸಿದ ಇಬ್ಬರನ್ನಾದರೂ ಭೇಟಿಯಾಗಿ. ಎಷ್ಟು ವರ್ಷ ಹಿಡಿಯಿತು, ಕರಡನ್ನು ಓದಿ ತಿದ್ದುತ್ತಿದ್ದರೇ, ಈಗ ಎಲ್ಲಿದ್ದೀರಿ ಎಂದು ಕೇಳಿ. ನೂರಾರು ಜನರಿಗೆ ಪ್ರಶ್ನಾವಳಿ ಹಂಚಿ, ಶೇಕಡಾವಾರು ಕೋಷ್ಟಕ ಹಾಕಿ ಮುಗಿಸುವ ಪ್ರಬಂಧಗಳು ನಮ್ಮ ವಾಣಿಜ್ಯ ವಿಭಾಗಗಳಲ್ಲಿ ತುಂಬ ಬರುತ್ತಿವೆ. ನೀವು ಮೇಲೆ ಯೋಚಿಸುತ್ತಿರುವ ಬಗೆಯ ಕೆಲಸಕ್ಕೆ ಅರ್ಥಮಿತಿ ಬಲ್ಲ ಮಾರ್ಗದರ್ಶಕರೇ ಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ತಾಯಿಯವರಿಗೆ ಹೇಳಿ: ಕನಿಷ್ಠ ಅವಧಿ ಮೂರು ವರ್ಷ, ಗರಿಷ್ಠ ಆರು. ಮಹಿಳೆಯರಿಗೆ ಇನ್ನೂ ಎರಡು ವರ್ಷದ ಸಡಿಲಿಕೆ ಇದೆ, 240 ದಿನಗಳವರೆಗೆ ಹೆರಿಗೆ ರಜೆ ಇದೆ. ಮದುವೆಯಾದರೆ ಓದು ನಿಲ್ಲಬೇಕು ಎಂದು ಎಲ್ಲಿಯೂ ಇಲ್ಲ.

ಸುಂಟಿಕೊಪ್ಪದವಳು, ಈಗ ಹೊರದೇಶದಲ್ಲಿ ಬೋಧನೆ

ಕಣದ ಸಿಮೆಂಟಿನ ಮಾತು ಓದಿ ಕುರ್ಚಿಯಿಂದ ಎದ್ದೇಬಿಟ್ಟೆ. ಅದು ನಿಜವಾದ ತೊಡಕು, ನನಗೆ ಹೊಳೆದಿರಲಿಲ್ಲ.

ಗಣಿತದ ವಿಷಯ ನೇರವಾಗಿ ಹೇಳುತ್ತೇನೆ. ಕಲನಶಾಸ್ತ್ರ, ರೇಖೀಯ ಬೀಜಗಣಿತ, ಸಂಭವನೀಯತೆ, ಸಂಖ್ಯಾಶಾಸ್ತ್ರ ಇವು ಬೇಕೇಬೇಕು. ಆಸ್ತಿ ಬೆಲೆಗಳ ಸಿದ್ಧಾಂತದ ಕಡೆ ಹೋದರೆ ಇನ್ನೂ ಹೆಚ್ಚು ಬೇಕು. ಬ್ಯಾಂಕಿಂಗ್, ಕುಟುಂಬಗಳ ಹಣಕಾಸು ಮುಂತಾದ ನಿಮ್ಮ ಒಲವಿನ ಕ್ಷೇತ್ರಗಳಲ್ಲಿ ಅರ್ಥಮಿತಿ ಗಟ್ಟಿಯಾಗಿರಬೇಕು. ಎನ್‌ಪಿಟಿಇಎಲ್ ಮತ್ತು ಸ್ವಯಂ ತಾಣಗಳಲ್ಲಿ ಈ ಪಾಠಗಳು ಉಚಿತ. ಸಂಜೆಯ ಓದನ್ನು ಒಂದು ವರ್ಷ ಅಲ್ಲಿಗೆ ತಿರುಗಿಸಿ. ಲೆಕ್ಕ ಬಿಡಿಸಲು ಹೊತ್ತು ಹಿಡಿಯುತ್ತದೆ ಎಂಬ ಕಾರಣಕ್ಕೆ ಕುಗ್ಗಬೇಡಿ. ಆದರೆ ವರ್ಷದ ಕೊನೆಗೂ ಸಮೀಕರಣ ಕಂಡಾಗ ಪುಟ ಹಾರಿಸುವ ಮನಸ್ಸಾದರೆ ಪಿಎಚ್‌.ಡಿ. ಬೇಡ. ಆ ಅಸಹನೆಯನ್ನು ಐದು ವರ್ಷ ಹೊರುವುದು ನರಕ.

ನಮ್ಮ ದೇಶದಲ್ಲಿ ಐಐಎಂಗಳ ಡಾಕ್ಟರೇಟ್ ಕಾರ್ಯಕ್ರಮಗಳನ್ನು ನೋಡಿ. ಮೊದಲು ಅವು ಫೆಲೋ ಎಂಬ ಹೆಸರಿನಲ್ಲಿದ್ದವು, 2017ರ ಐಐಎಂ ಕಾಯ್ದೆಯ ನಂತರ ಪಿಎಚ್‌.ಡಿ. ಪದವಿಯನ್ನೇ ಕೊಡುತ್ತವೆ. ಬೆಂಗಳೂರಿನ ಐಐಎಂನಲ್ಲಿ ಹಣಕಾಸು ಮತ್ತು ಲೆಕ್ಕಶಾಸ್ತ್ರದ ವಿಭಾಗವಿದೆ. ಮುಂಬೈಯ ಇಂದಿರಾ ಗಾಂಧಿ ಅಭಿವೃದ್ಧಿ ಸಂಶೋಧನಾ ಸಂಸ್ಥೆಯೂ ನಿಮ್ಮ ಪ್ರಶ್ನೆಗೆ ಹತ್ತಿರ. ಅಮೆರಿಕದ ಒಳ್ಳೆಯ ಕಾರ್ಯಕ್ರಮಗಳಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕ ಮನ್ನಾ ಆಗಿ ಜೀವನ ಭತ್ಯೆಯೂ ಸಿಗುತ್ತದೆ. ಆದರೆ ಒಂದು ವಿಭಾಗ ವರ್ಷಕ್ಕೆ ಬೆರಳೆಣಿಕೆಯ ವಿದ್ಯಾರ್ಥಿಗಳನ್ನಷ್ಟೇ ತೆಗೆದುಕೊಳ್ಳುತ್ತದೆ. ಅಲ್ಲಿ ಶಿಫಾರಸು ಪತ್ರದ ತೂಕ ದೊಡ್ಡದು. ನೀವು ಸಂಶೋಧನೆ ಮಾಡುವುದನ್ನು ಹತ್ತಿರದಿಂದ ನೋಡಿದವರು ಬರೆದ ಪತ್ರಕ್ಕೆ ಬೆಲೆ. ಅದಕ್ಕಾಗಿಯೇ ಅನೇಕರು ಮೊದಲು ಒಬ್ಬ ಪ್ರಾಧ್ಯಾಪಕರ ಬಳಿ ಸಂಶೋಧನಾ ಸಹಾಯಕರಾಗಿ ಒಂದೆರಡು ವರ್ಷ ದುಡಿಯುತ್ತಾರೆ. ಸಂಬಳ ಬರುತ್ತದೆ, ಈ ಬದುಕು ಒಗ್ಗುತ್ತದೆಯೇ ಎಂದೂ ತಿಳಿಯುತ್ತದೆ. ನಿಮಗೆ ನಾನು ಹೇಳುವುದು ಇದನ್ನೇ. ಅರ್ಜಿ ಮುಂದಿನ ವರ್ಷವೇ ಬೇಡ.

ಸಿದ್ದಾಪುರದ ಬೆಳೆಗಾರ

ಮಗಳೇ, ನಿನ್ನ ಪ್ರಶ್ನೆ ನನ್ನನ್ನು ಹಿಡಿದುಬಿಟ್ಟಿತು. ಮುಕ್ತ ಮಾರಾಟ ಬಂದಾಗಿನಿಂದ ಪ್ರತಿ ವರ್ಷದ ಮಾರಾಟದ ಚೀಟಿಗಳನ್ನು ಕಟ್ಟಿಟ್ಟಿದ್ದೇನೆ. ದಿನಾಂಕ, ಚೀಲಗಳ ಲೆಕ್ಕ, ಔಟ್‌ಟರ್ನ್ (ಚೆರ್ರಿಯಿಂದ ಸಿಕ್ಕ ಕಾಳಿನ ಪ್ರಮಾಣ), ದರ ಎಲ್ಲ ಅದರಲ್ಲಿದೆ. ಮಳೆಯ ಲೆಕ್ಕ ಬರೆದ ಡೈರಿಗಳೂ ಇವೆ. ಅಪ್ಪನ ಜೊತೆ ಬಂದು ನೋಡು. ಅಕ್ಕಪಕ್ಕದ ಸಣ್ಣ ಬೆಳೆಗಾರರಿಗೂ ಹೇಳುತ್ತೇನೆ, ಕೊಡಲು ಒಪ್ಪುವವರು ಇರುತ್ತಾರೆ.

ಸುಂಟಿಕೊಪ್ಪದವಳು, ಈಗ ಹೊರದೇಶದಲ್ಲಿ ಬೋಧನೆ

ತಪ್ಪದೆ ಹೋಗಿ. ಕೆಲವರ ಚೀಟಿಗಳಿಂದ ಯಾವ ತೀರ್ಮಾನವನ್ನೂ ಹೊರಡಿಸಬೇಡಿ, ಅಷ್ಟು ಕಡಿಮೆ ಮಂದಿಯಿಂದ ಏನನ್ನೂ ಸಾಧಿಸಲಾಗದು. ಯಾವ ಯಾವ ಕಾಲಂ ಬೇಕಾಗುತ್ತದೆ ಎಂದು ಕಲಿಯುವುದಕ್ಕೆ ಅವು ಸಾಕು. ಮಾರಿದ ದಿನ, ಆ ವಾರದ ಬೆಲೆ, ಸಾಲದ ಕಂತು ಕಟ್ಟಬೇಕಾದ ದಿನ, ಕಣದ ಬಗೆ, ಜಮೀನಿನ ದಾಖಲೆಯ ಬಗೆ ಇವುಗಳಿಂದ ಶುರುಮಾಡಿ. ಕೊಟ್ಟವರ ಹೆಸರನ್ನು ಬೇರೆ ಕಾಗದದಲ್ಲಿ ಬರೆದು ಪ್ರತ್ಯೇಕವಾಗಿಡಿ, ಕಡತದಲ್ಲಿ ಸಂಖ್ಯೆ ಮಾತ್ರ ಇರಲಿ. ಮೊದಲ ಕೋಷ್ಟಕ ಸಿದ್ಧವಾದಾಗ ಹೆಸರಿಲ್ಲದ ಪ್ರತಿಯನ್ನು ನನಗೆ ಕಳಿಸಿ. ಜೊತೆಗೆ ನಿಮಗೆ ಅನುಮಾನ ಹುಟ್ಟಿಸಿದ ಸಾಲುಗಳ ಪಕ್ಕದಲ್ಲಿ ಗುರುತು ಹಾಕಿರಿ.